ಬೀಗದೊಳಗೆ ಹೆಸರು ಬರೆದ ಡಬ್ಬಗಳು

ನೆರವು ಮರುಪರಿಶೀಲನಾ ಸಮಿತಿಯ ಮುಖ್ಯಸ್ಥರಿಗೆ,

ಮಾನ್ಯರೇ, ನೆರವು ಮುಂದುವರಿಸಬೇಕೋ ಬೇಡವೋ ಎಂದು ನೀವು ತೊಂಬತ್ತು ದಿನ ಯೋಚನೆ ಮಾಡಬೇಕೆಂದು ನಮ್ಮ ಕ್ಷಯರೋಗ ಚಿಕಿತ್ಸಾಲಯದ ಔಷಧಿ ಕೋಣೆಗೆ ಬೀಗ ಹಾಕಿಸಿದ್ದೀರಿ. ನನಗೆ ಹೆದರಿಕೆಯಾಗಿದೆ. ಒಳ್ಳೆಯ ಮಾತು ಹುಡುಕಿ ಪೀಠಿಕೆ ಹಾಕುವಷ್ಟು ಸಮಾಧಾನವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ಕೋಣೆಯ ಔಷಧಿ ಕೊಡುವವಳು ನಾನು. ರೋಗಿ ಬಂದ ಮೊದಲ ದಿನವೇ ಆರು ತಿಂಗಳ ಮಾತ್ರೆಗಳನ್ನೂ ಒಂದು ರಟ್ಟಿನ ಡಬ್ಬಕ್ಕೆ ತುಂಬಿ, ಮೇಲೆ ಅವರ ಹೆಸರು ಬರೆಯಬೇಕು. ಡಬ್ಬ ತುಂಬದೆ ಚಿಕಿತ್ಸೆ ಶುರು ಮಾಡಬಾರದು. ಈ ನಿಯಮ ನಿಮ್ಮ ಕಚೇರಿಯದೇ. ನಡುವೆ ನಿಲ್ಲಿಸಿದರೆ ರೋಗ ಮದ್ದಿಗೆ ಬಗ್ಗದಂತಾಗುತ್ತದೆ ಎಂದು ತರಬೇತಿಯಲ್ಲಿ ಕಲಿಸಿದವರೂ ನೀವೇ. ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಒಂದು ದಿನ ತಪ್ಪಿಸಿದವರ ಮನೆ ಬಾಗಿಲಿಗೇ ಹೋಗಿ ಬೈದು ಬಂದಿದ್ದೇನೆ. ನಿಮ್ಮ ಮನೆ ಬಾಗಿಲು ಎಲ್ಲಿದೆಯೋ ನನಗೆ ಗೊತ್ತಿಲ್ಲ.

ನನ್ನ ತಪ್ಪೂ ಒಂದಿದೆ. ನಾಳೆ ಮೇಲಿನವರು ಬರುತ್ತಾರೆಂದು ನಿಮ್ಮ ಕಚೇರಿಯ ಸಂಯೋಜಕರು ಫೋನ್ ಮಾಡಿದಾಗ, ವರ್ಷಕ್ಕೊಮ್ಮೆಯ ತಪಾಸಣೆ ಎಂದುಕೊಂಡೆ. ತಪಾಸಣೆಯ ಮುನ್ನಾದಿನ, ದಿನಾ ಕೊಡಲೆಂದು ಹೊರಗಿನ ಮೇಜಿನ ಖಾನೆಗೆ ತೆಗೆದಿಟ್ಟ ಆ ವಾರದ ಮಾತ್ರೆಗಳನ್ನು ಮತ್ತೆ ಅವರವರ ಡಬ್ಬಕ್ಕೆ ಸೇರಿಸಿ ಕಪಾಟು ಓರಣ ಮಾಡುವುದು ನಮ್ಮ ರೂಢಿ. ಮಾಡಿದೆ. ಹೆಸರುಗಳೆಲ್ಲ ಮುಂದಕ್ಕೆ ಕಾಣುವಂತೆ ಜೋಡಿಸಿ, ಶಭಾಷ್ ಅನ್ನಿಸಿಕೊಳ್ಳಲು ಕಾದು ನಿಂತೆ. ಬಂದವರು ಕೋಣೆಯನ್ನು ಮೆಚ್ಚಿದರು, ಬಾಗಿಲೆಳೆದು ಬೀಗ ಹಾಕಿಸಿದರು, ಮೇಲೊಂದು ಕಾಗದ ಅಂಟಿಸಿ ಸಹಿ ಮಾಡಿದರು. ಬೀಗದ ಕೈಯನ್ನು ನನಗೇ ಕೊಟ್ಟು ಜೋಪಾನ ಎಂದರು. ನಾನು ಅಷ್ಟು ಅಚ್ಚುಕಟ್ಟು ಮಾಡದಿದ್ದರೆ ಒಂದು ವಾರದ ಮಾತ್ರೆಯಾದರೂ ಹೊರಗಿರುತ್ತಿತ್ತು.

ಒಂದು ಡಬ್ಬದ ಮೇಲೆ ನನ್ನ ತಂಗಿಯ ಹೆಸರಿದೆ. ಮೂರು ತಿಂಗಳು ಮಾತ್ರೆ ನುಂಗಿ, ಮೈ ಕೈ ತುಂಬಿಕೊಂಡು, ಮತ್ತೆ ಹೊಲಿಗೆಯಂತ್ರದ ಮುಂದೆ ಕೂತಿದ್ದಳು. ಇವತ್ತಿಗೆ ಐದು ದಿನ ಮಾತ್ರೆಯಿಲ್ಲ. ಈ ಮಾತ್ರೆ ಊರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವಳು ಗಂಟಲು ಸರಿಮಾಡಿಕೊಂಡರೂ ಕೆಮ್ಮೇನೋ ಎಂದು ಕೈಕೆಲಸ ಬಿಟ್ಟು ಓಡಿ ಬರುತ್ತೇನೆ. ನಿನ್ನೆ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು: "ಅಕ್ಕಾ, ಇಷ್ಟು ದಿನ ನುಂಗಿದ್ದೆಲ್ಲ ದಂಡ ಆಯ್ತಾ?" ಬಾಯಿಗೆ ಬಂದ ಸುಳ್ಳು ಹೇಳಿ ಅನ್ನ ಬಡಿಸಿದೆ.

ಬಸ್ಸು ತೊಳೆಯುವವರೊಬ್ಬರಿದ್ದಾರೆ. ಒಮ್ಮೆ ನನ್ನಿಂದ ಬೈಸಿಕೊಂಡ ಮೇಲೆ ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬರುತ್ತಾರೆ, ಹಾಗಾಗಿ ನಮ್ಮೆಲ್ಲರ ಬಾಯಲ್ಲಿ ಅವರು ಗಡಿಯಾರ. ಈಗಲೂ ನೀರಿನ ಬಾಟಲಿ ಹಿಡಿದು ಎಂಟಕ್ಕೇ ಬಂದು ಬೆಂಚಿನ ಮೇಲೆ ಕೂರುತ್ತಾರೆ. ನಿನ್ನೆ ಎದ್ದು ಹೋಗುವಾಗ, "ಒಂದಿನ ತಪ್ಪಿಸಿದ್ದಕ್ಕೆ ಮನೆ ತನಕ ಬಂದು ಬೈದಿದ್ರಲ್ಲಮ್ಮ, ಈಗ ಯಾರನ್ನ ಬೈತೀರಿ?" ಎಂದರು.

ಹೇಳಿ ಮಾನ್ಯರೇ, ಯಾರನ್ನು ಬೈಯಲಿ? ಹೊಸಬರಿಗೆ ನೆರವು ಕೊಡಬೇಕೋ ಬೇಡವೋ, ನಿಧಾನವಾಗಿ ಯೋಚಿಸಿ, ಹಣ ನಿಮ್ಮದು. ಆದರೆ ಈ ಮಾತ್ರೆಗಳನ್ನು ಕೊಂಡಾಗಿದೆ, ಹಡಗಿನಲ್ಲಿ ತಂದಾಗಿದೆ, ಹೆಸರೂ ಬರೆದಾಗಿದೆ. ಕತ್ತಲೆ ಕೋಣೆಯಲ್ಲಿ ಕೂತು ಅವು ಯಾರಿಗೆ ಏನನ್ನು ಉಳಿಸಿಕೊಡುತ್ತಿವೆ? ಸಮಿತಿ ಯೋಚಿಸುವಷ್ಟು ದಿನ ಕ್ಷಯವೂ ರಜೆ ಹಾಕುತ್ತದೆಂದು ಯಾವ ಸುತ್ತೋಲೆಯಲ್ಲಿದೆ? ಬಾಗಿಲು ತೆರೆದವರ ಮೇಲೆ ಕಾನೂನು ಕ್ರಮ ಎಂದು ಮಾತ್ರ ಆ ಕಾಗದದಲ್ಲಿ ದಪ್ಪಕ್ಷರದಲ್ಲಿದೆ. ಕೆಲಸ ಹೋಗುವ ಭಯವೂ ಜೈಲಿನ ಭಯವೂ ನನಗಿದೆ.

ಹೊಸ ಡಬ್ಬ ಕೇಳುತ್ತಿಲ್ಲ. ಹೆಸರಿರುವ ಡಬ್ಬಗಳನ್ನು ಆಯಾ ಹೆಸರಿನವರಿಗೆ ಕೊಡಲು ಒಂದು ಸಾಲಿನ ಆದೇಶ ಕಳಿಸಿ. ಸೋಮವಾರ ಬೆಳಿಗ್ಗೆ ಎಂಟರವರೆಗೆ ಕಾಯುತ್ತೇನೆ. ಆಮೇಲೆ, ಹೆದರುತ್ತಲೇ, ಆ ಕಾಗದ ಹರಿದು ಬಾಗಿಲು ತೆರೆಯುತ್ತೇನೆ. ಮೊದಲ ಡಬ್ಬ ಗಡಿಯಾರದ್ದು. ತಂಗಿಗಾಗಿ ಕದ್ದಳೆಂದು ನೀವು ಬರೆಯಬಾರದು ನೋಡಿ, ಅದಕ್ಕೇ ಅವಳನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತೇನೆ.

ಇಂತಿ,
ಬೀಗದ ಕೈಯನ್ನು ನೀವು ಹೇಳಿದಂತೆ ಜೋಪಾನವಾಗಿಟ್ಟಿರುವ,
ಸೋಮವಾರದವರೆಗಾದರೂ ನಿಮ್ಮ ಔಷಧಿ ವಿತರಕಿ