ಮನೆದೇವರು ಯಾರೆಂದು ಕೇಳದೆ ಹೋದೆ

ಕಮಲಕ್ಕಾ,

ನೀನು ಹೋದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಒಳ್ಳೆಯ ಸುದ್ದಿ ಬಂದ ದಿನ ಬರೆಯಬೇಕು ಎಂದುಕೊಂಡಿದ್ದೆ. ಸುದ್ದಿಯೇನೋ ಒಳ್ಳೆಯದೇ, ನಿನ್ನ ಮಗಳು ಭಾರತಿಯ ಮದುವೆ. ನಾಳೆ ಅರಿಶಿನ, ನಾಡಿದ್ದು ಅಕ್ಷತೆ. ಆದರೆ ನಾನು ಬರೆಯಲು ಕೂತಿರುವುದು ಖುಷಿಗಲ್ಲ, ಹೆದರಿಕೆಗೆ. ಮಧ್ಯಾಹ್ನ ನಮ್ಮ ಬ್ಯೂಟಿ ಪಾರ್ಲರಿನ ಶಟರ್ ಅರ್ಧ ಎಳೆದು ನಿನ್ನ ಹಳೆಯ ಕುರ್ಚಿಯಲ್ಲೇ ಕೂತಿದ್ದೇನೆ. ಭಾರತಿ ಮೇಲಿನ ಕೋಣೆಯಲ್ಲಿ ಮಲಗಿದ್ದಾಳೆ. ಅವಳ ಎಡಗೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಅಗಲದ ಕಪ್ಪು ಕಲೆಯಿದೆ. ಅದನ್ನು ಮಾಡಿದವಳು ನಾನು.

ನೀನು ನನ್ನನ್ನು ಮೊದಲ ಸಲ ಮುಂದೆ ಕೂರಿಸಿಕೊಂಡದ್ದು ನೆನಪಿದೆಯಾ? ಈ ಮರಾಠಿ ಊರಿನ ವಿಮಾನ ನಗರದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ನಮ್ಮವ್ವ ಅಲ್ಲೇ ಇಟ್ಟಿಗೆ ಹೊರುತ್ತಿದ್ದಳು. ತಗಡಿನ ಶೆಡ್ಡುಗಳ ಸಾಲಿನಲ್ಲಿ ನೀನು ಭಾನುವಾರಗಳಂದು ನಮ್ಮ ಯಾದಗಿರಿ ಕಡೆಯ ಹೆಂಗಸರಿಗೆಲ್ಲ ದಾರದಿಂದ ಹುಬ್ಬು ತಿದ್ದಿಕೊಡುತ್ತಿದ್ದೆ. ನಾನು ಮೊಡವೆಗೆ ಟೂತ್‌ಪೇಸ್ಟ್ ಮೆತ್ತಿಕೊಂಡು ಬಂದು ನಿಂತಿದ್ದೆ. "ಮುಖದ ಮ್ಯಾಲ ಹಲ್ಲು ಬಂದಾವೇನ ನಿನಗ?" ಎಂದು ತಲೆಗೆ ಮೊಟಕಿ, ತಣ್ಣೀರಲ್ಲಿ ತೊಳೆಸಿ, "ನಿಂಬಿಹಣ್ಣು ತಿಕ್ಕಬ್ಯಾಡ, ಸೋಡಾ ಹಚ್ಚಬ್ಯಾಡ, ಚಿವುಟಂತೂ ಬ್ಯಾಡ" ಎಂದಿದ್ದೆ. ಮೊಡವೆ ಹೋಯಿತು, ನಾನು ಉಳಿದೆ. ಹತ್ತನೇ ಕ್ಲಾಸು ಫೇಲಾಗಿ ಅವ್ವನ ಜೊತೆ ಇಟ್ಟಿಗೆಗೆ ಹೋಗಬೇಕಿದ್ದವಳ ಕೈಗೆ ದಾರ ಕೊಟ್ಟವಳು ನೀನು.

ಒಂದು ಸಲ ಹುಡುಗಿಯೊಬ್ಬಳು ಮೆಡಿಕಲ್ ಅಂಗಡಿಯಿಂದ ಬೆಳ್ಳಗಾಗುವ ಟ್ಯೂಬು ತಂದು, ಹಚ್ಚಿಕೊಡು ಎಂದು ಕೇಳಿದಾಗ ನೀನು ಸೆರಗು ಸರಿಸಿ ನಿನ್ನ ಕೆನ್ನೆಯನ್ನೇ ತೋರಿಸಿದ್ದೆ. ಸಣ್ಣ ವಯಸ್ಸಿನಲ್ಲಿ ನೀನೂ ಅಂಥದ್ದೇ ಟ್ಯೂಬನ್ನು ವರ್ಷಗಟ್ಟಲೆ ಹಚ್ಚಿ, ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಸಾಕು ಕೆಂಪಗೆ ಉರಿಯುತ್ತಿದ್ದ ಕೆನ್ನೆ. "ಬಣ್ಣ ಬದಲ್ ಮಾಡೂದು ನಮ್ಮ ಕೆಲಸ ಅಲ್ಲವ್ವಾ, ಚರ್ಮ ಕಾಯೂದು ನಮ್ಮ ಕೆಲಸ" ಎಂದು ಅವಳನ್ನು ವಾಪಸು ಕಳಿಸಿದೆ. ಗಿರಾಕಿ ಹೋಯಿತಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಈಗ ಆ ಕೆನ್ನೆ ಕಣ್ಣ ಮುಂದೆ ಬಂದಾಗಲೆಲ್ಲ...

ಮದುಮಗಳು ಬಂದು ಕೂತರೆ ನೀನು ಮೊದಲು ಕೇಳುತ್ತಿದ್ದ ಪ್ರಶ್ನೆ ನೆನಪಾಗುತ್ತದೆ. "ನಿಮ್ಮ ಮನಿ ದೇವರು ಯಾರ್ರಿ? ಹುಡುಗನ ಕಡೇವ್ರದು?" ಕೇಳಿದ್ದನ್ನು ನೀನು ಆ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಬ್ಬೊಬ್ಬ ಮದುಮಗಳಿಗೂ ಒಂದು ಪುಟ, ಪುಟದ ಬಲ ಮೂಲೆಯಲ್ಲಿ ದೇವರ ಹೆಸರು: ಯಲ್ಲಮ್ಮ, ಹಣಮಪ್ಪ, ತುಳಜಾಭವಾನಿ, ಖಂಡೋಬಾ. ವಿಮಾನ ನಗರದ ಇಂಗ್ಲಿಷ್ ಮಾತಾಡುವ ಹುಡುಗಿಯರ ಮುಂದೆ ನೀನು ಹಾಗೆ ಕೇಳಿದರೆ ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನಿಸುತ್ತಿತ್ತು. ಕಿವಿಯ ಹಿಂದೆ ಕ್ರೀಮಿನ ಹನಿ ಹಚ್ಚಿ, ಉರಿಯುತ್ತದಾ ಎಂದು ಒಂದು ದಿನ ಕಾಯುವ ನಿನ್ನ ಪರೀಕ್ಷೆಯನ್ನು ನಾನು ಶ್ರದ್ಧೆಯಿಂದ ಕಲಿತೆ. ಅದು ವಿದ್ಯೆ. ಈ ದೇವರ ಪ್ರಶ್ನೆ ಹಳ್ಳಿ ಹೆಂಗಸಿನ ಹರಟೆ ಎಂದುಕೊಂಡೆ. ಯಾಕೆ ಕೇಳುತ್ತೀ ಎಂದು ಒಂದು ದಿನವಾದರೂ ಕೇಳಬಾರದಿತ್ತಾ ನಾನು?

ಹೋದ ವರ್ಷ ನೀನು ಆಸ್ಪತ್ರೆಯ ಮಂಚದಿಂದ ನನ್ನ ಕೈ ಹಿಡಿದು, "ಭಾರತಿನ್ನ ನೀನ ಮದುಮಗಳು ಮಾಡಬೇಕು" ಎಂದಾಗ ಆಯಿತು ಎಂದಿದ್ದೆ. ಅವಳಿಗೆ ಅಪ್ಪನೂ ಇಲ್ಲ, ಇನ್ನು ನೀನೂ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನೀನು ಹೋದ ಮೂರು ತಿಂಗಳಿಗೆ ನಾನು ಏನು ಮಾಡಿದೆ ಗೊತ್ತಾ? ಎರಡು ದಿನದ ಕೋರ್ಸಿಗೆ ಹೋಗಿ ಕೆಮಿಕಲ್ ಪೀಲ್ ಕಲಿತು ಬಂದೆ. ಅದೇ, ಮುಖಕ್ಕೆ ಆಸಿಡ್ಡಿನಂಥ ದ್ರವ ಹಚ್ಚಿ ಮೇಲ್ಚರ್ಮ ಸುಲಿಯುವಂತೆ ಮಾಡುವುದು. "ಅದು ಡಾಕ್ಟರರ ಕೆಲಸ" ಎಂದು ನೀನು ಜೀವಮಾನವಿಡೀ ದೂರ ಇಟ್ಟಿದ್ದು. ನಾನು ಬೋರ್ಡಿನ ಮೇಲೆ 'ಬ್ರೈಡಲ್ ಗ್ಲೋ' ಎಂದು ಬರೆಸಿದೆ, ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದೆ. ಏಳೆಂಟು ಜನರಿಗೆ ಚೆನ್ನಾಗಿಯೇ ಆಯಿತು. ಹಾಗೆ ಆದದ್ದೇ ನನ್ನ ತಲೆ ಕೆಡಿಸಿತು.

ಭಾರತಿ ಒಂದು ಸೋಮವಾರ ತಾನಾಗಿ ಬಂದು ಕೂತಳು. ಸ್ಕೂಟಿಯಲ್ಲಿ ಆಫೀಸಿಗೆ ಓಡಾಡಿ ಹಣೆ, ಕೆನ್ನೆ ಕಪ್ಪಾಗಿದೆ ಎಂದು ಕೊರಗು. "ನೀಲಕ್ಕ, ಫೋಟೋದಾಗ ಮುಖ ಒಂದು ಬಣ್ಣ, ಕುತ್ತಿಗಿ ಒಂದು ಬಣ್ಣ ಬರ್ತದ. ನನಗೂ ಪೀಲ್ ಮಾಡು." ಮದುವೆಗೆ ಮೂರು ವಾರವಿತ್ತು. ಲೆಕ್ಕ ಹಾಕಿದೆ. ಒಂದು ವಾರ ಸುಲಿಯುತ್ತದೆ, ಇನ್ನೊಂದು ವಾರದಲ್ಲಿ ಹೊಸ ಚರ್ಮ ಗಟ್ಟಿಯಾಗುತ್ತದೆ, ಅರಿಶಿನ ಅದಾದ ಮೇಲೆ ತಾನೆ? ಕಿವಿ ಹಿಂದೆ ಹಚ್ಚಿ ಒಂದು ದಿನ ಕಾದೆ, ಏನೂ ಆಗಲಿಲ್ಲ, ಮಂಗಳವಾರ ಪೀಲ್ ಮಾಡಿದೆ. ಬಿಸಿಲಿಗೆ ಹೋಗಬೇಡ, ತಿಕ್ಕಬೇಡ, ಸನ್‌ಸ್ಕ್ರೀನ್ ಮರೆಯಬೇಡ ಎಂದೆಲ್ಲ ಹೇಳಿದೆ. ಬೇರೆ ಮದುಮಗಳಾಗಿದ್ದರೆ ಹದಿನೈದು ದಿನದಲ್ಲಿ ಎಲ್ಲಿಗೆ ಹೋಗುತ್ತೀ, ಏನು ಶಾಸ್ತ್ರವಿದೆ ಎಂದಾದರೂ ಕೇಳುತ್ತಿದ್ದೆ. ಇವಳು ಮನೆಯ ಮಗಳು, ಇವಳಿಗೇನು ಕೇಳುವುದು? ದೀಪದ ಬುಡದಲ್ಲೇ ಕತ್ತಲು, ಅಕ್ಕ.

ಭಾನುವಾರ ನಾನು ಬೇರೊಬ್ಬ ಮದುಮಗಳ ತಲೆ ಕಟ್ಟಲು ಹೋಗಿದ್ದೆ. ಮಧ್ಯಾಹ್ನ ಫೋನ್ ತೆಗೆದು ನೋಡಿದರೆ ಭಾರತಿಯ ಮೆಸೇಜು: 'ಅತ್ತೆ ಜೊತಿ ಜೇಜುರಿಗೆ ಹೊಂಟೀನಿ. ಲಗ್ನಪತ್ರಿಕೆ ದೇವರ ಮುಂದ ಇಡಬೇಕಂತ.' ಹುಡುಗನ ಮನೆಯವರು ಸೊಲ್ಲಾಪುರ ಕಡೆಯವರು, ಇಲ್ಲೇ ಹಡಪಸರಿನಲ್ಲಿದ್ದಾರೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅವರ ಮನೆದೇವರು ಖಂಡೋಬಾ ಎಂದು ತಿಳಿದದ್ದು ಆ ಮೆಸೇಜಿನಿಂದ. ಜೇಜುರಿ ಎಂದರೆ ಭಂಡಾರ. ಮೆಟ್ಟಿಲಿನಿಂದ ಶಿಖರದವರೆಗೆ ಅರಿಶಿನದ ಪುಡಿ ತೂರುತ್ತಲೇ ಇರುತ್ತಾರೆ. ಸುಲಿಯುತ್ತಿರುವ ಮುಖ, ನಡುಮಧ್ಯಾಹ್ನದ ಬಿಸಿಲು, ಮೇಲೆ ಭಂಡಾರ. ಎಷ್ಟು ಸಲ ಫೋನ್ ಮಾಡಿದೆನೋ, ಸಿಗಲಿಲ್ಲ. ಅವಳ ಭಾವಿ ಅತ್ತೆ ಶಾಂತಾಬಾಯಿ ಪ್ರೀತಿಯಿಂದ ಬೊಗಸೆ ತುಂಬ ಭಂಡಾರ ತೆಗೆದು, ಏಳುಕೋಟಿ ಎಂದು ದೇವರ ಜೈಕಾರ ಹಾಕುತ್ತ ಎರಡೂ ಕೆನ್ನೆಗೆ ಸವರಿದರಂತೆ. ಸಂಜೆ ಮನೆಗೆ ಬಂದಾಗ ಮುಖ ಬೆಂದಂತಿತ್ತು. "ಉರಿ ಉರಿ ಆಗ್ಲಿಕತ್ತದ ಅಕ್ಕ" ಎಂದಳು. ಆಮೇಲೆ ನನ್ನ ಮುಖ ನೋಡಿ, ಅಷ್ಟೇನಿಲ್ಲ ಎಂದಳು.

ಸೋಮವಾರ ಶಾಂತಾಬಾಯಿ ಓಡಿ ಬಂದಾಗ ನಾನು ಆಡಿದ ಮಾತನ್ನು ಹೇಗೆ ಬರೆಯಲಿ? "ಅಂಗಡ್ಯಾಗಿನ ಭಂಡಾರದಾಗ ಏನರ ಬಣ್ಣ ಕೂಡಿಸಿರ್ತಾರ್ರಿ, ಅದಕ್ಕ ಹಿಂಗಾಗ್ಯದ" ಎಂದೆ. ಕೂಡಿಸಿರಬಹುದು, ಸುಳ್ಳಲ್ಲ. ಆದರೆ ನಿಜವೂ ಅಲ್ಲ. ಅವರು, "ನನ್ನ ಮ್ಯಾಲೂ ಬಿತ್ತು, ನನ್ನ ಮಗನ ಮ್ಯಾಲೂ ಬಿತ್ತು. ಅಷ್ಟು ಮಂದಿ ಮ್ಯಾಲ ಬಿತ್ತು. ಈಕಿಗಷ್ಟ ಯಾಕ ಸುಡಬೇಕು?" ಎಂದರು. ನನ್ನ ಹತ್ತಿರ ಉತ್ತರವಿತ್ತು. ಬಾಯಿ ಬಿಡಲಿಲ್ಲ. ಭಾರತಿಯೂ ಬಿಡಲಿಲ್ಲ. ಅವರು ಹೋದ ಮೇಲೆ ಹೇಳಿದಳು: "ಅವರ ಮಂದಿ ಎಲ್ಲ ನಿನ್ನ ಕಡೇನ ಬರ್ತಾರ. ಪಾರ್ಲರ್ ಹೆಸರು ಕೆಡ್ತದ. ಇರಲಿ ಬಿಡು." ತನ್ನ ಮುಖ ಸುಟ್ಟವಳನ್ನು ಕಾಯಲು ನಿಂತ ಆ ಹುಡುಗಿಯನ್ನು ನೋಡಿ ನನಗೆ ಅಳು ಬಂತು. ಅತ್ತರೆ ಅವಳೇ ಸಮಾಧಾನ ಮಾಡಬೇಕಾಗುತ್ತದಲ್ಲ ಎಂದು ಅಳಲೂ ಇಲ್ಲ.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಆ ಹೆಣ್ಣುಮಗಳು ಒಂದೇ ನೋಟಕ್ಕೆ ಹಿಡಿದರು. "ಪೀಲ್ ಕುಣೀ ಕೇಲಂ?" ಯಾರು ಮಾಡಿದ್ದು ಎಂದು ಮರಾಠಿಯಲ್ಲಿ ಕೇಳಿದಾಗ ನಾನು ನೆಲ ನೋಡಿದೆ. ಕೆಂಪು ಇಳಿಯುತ್ತದೆ, ಕಲೆ ಹೋಗಲು ತಿಂಗಳುಗಳೇ ಬೇಕು, ನಿಮ್ಮ ಬಣ್ಣದ ಚರ್ಮಕ್ಕೆ ಬೇಗ ಕಲೆ ಕೂರುತ್ತದೆ, ಅದಕ್ಕೇ ಪೀಲನ್ನು ನಮಗೆ ಬಿಡಬೇಕು ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನಾನು ಬೆಳಗ್ಗೆ ಒಂದು, ಸಂಜೆ ಒಂದು ಅವಳ ಕೆನ್ನೆಯ ಫೋಟೋ ತೆಗೆದು ಹಿಂದಿನದರ ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ಒಮ್ಮೆ ಕಡಿಮೆಯಾದಂತೆ, ಒಮ್ಮೆ ಜಾಸ್ತಿಯಾದಂತೆ ಕಾಣುತ್ತದೆ. ನೋಡಿ ನೋಡಿ ನನ್ನ ಕಣ್ಣನ್ನೇ ನಂಬಲಾರದ ಹಾಗಾಗಿದೆ.

ಮುಂದಿನ ಗುರುವಾರ ಶಾಂತಾಬಾಯಿಯ ಫೋನ್ ಬಂದಾಗ ನಿಜವಾದ ಭಯ ಗೊತ್ತಾಯಿತು. "ದೇವರು ಈಕಿನ್ನ ಒಪ್ಪಿಲ್ಲ ಅನಸ್ತದ. ಲಗ್ನ ಮುಂದ ಹಾಕೋಣ. ಮೊದಲ ದೇವರನ್ನ ಕೇಳಸೋಣ, ಏನಂತಾನ ನೋಡಿ ಆಮೇಲೆ ವಿಚಾರ ಮಾಡೋಣ." ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹೆದರಿದವರ ಜೊತೆ ಜಗಳವಾಡುವುದು ಹೇಗೆ? ಮುಂದಕ್ಕೆ ಹಾಕಿದ ಮದುವೆ ನಡೆದದ್ದು ಎಷ್ಟು ನೋಡಿದ್ದೇವೆ ನಾವು? ನಾಳೆ ಆ ಮನೆಯಲ್ಲಿ ಒಂದು ಹಾಲು ಉಕ್ಕಿದರೂ ಇವಳ ಕಡೆ ನೋಡುತ್ತಾರೆ. ಕಲೆ ಆರು ತಿಂಗಳಿಗೆ ಹೋಗಬಹುದು. ಈ ಮಾತು ಹೋಗುತ್ತದಾ? ಅರ್ಧ ಕಟ್ಟಿದ್ದ ಜಡೆಯನ್ನು ಅಲ್ಲೇ ಬಿಟ್ಟು, ಗಿರಾಕಿಗೆ ಕೈಮುಗಿದು, ರಿಕ್ಷಾ ಹತ್ತಿದೆ.

ಹಡಪಸರಿನ ಆ ಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಕೂರುವ ಮೊದಲೇ ಹೇಳಿಬಿಟ್ಟೆ. "ದೇವರದ ತಪ್ಪಿಲ್ಲರಿ, ಭಾರತಿದೂ ತಪ್ಪಿಲ್ಲ. ನೀವು ಜೇಜುರಿಗೆ ಕರಕೊಂಡು ಹೋಗೂ ಐದು ದಿನ ಮೊದಲ ನಾನು ಆಕಿ ಮುಖದ ಮ್ಯಾಲಿನ ಚರ್ಮ ಸುಲಿಯೂ ಔಷಧ ಹಚ್ಚಿದ್ದೆ. ಹಸಿ ಗಾಯದ ಮ್ಯಾಲ ಏನು ಹಾಕಿದ್ರೂ ಉರೀತದ. ಗೊತ್ತಿದ್ದೂ ಬಾಯಿ ಮುಚ್ಚಕೊಂಡಿದ್ದೆ." ಶಾಂತಾಬಾಯಿ ಒಳಗೆ ಹೋದರು. ಹೊರಗೆ ತಳ್ಳುತ್ತಾರೆ ಎಂದುಕೊಂಡೆ. ಭಂಡಾರದ ಬಟ್ಟಲು ಹಿಡಿದು ಬಂದು, "ನನ್ನ ಮುಂದ ಬ್ಯಾಡ. ಯಾರ ಮ್ಯಾಲ ತಪ್ಪು ಹೊರಿಸಿದ್ಯಲ್ಲ, ಅವನ ಮುಂದ ಹೇಳು" ಎಂದರು. ದೇವರ ಮುಂದೆ ನಿಂತು ಹೇಳಿದೆ. ನನ್ನ ಹಣೆಗೆ ನಾನೇ ಭಂಡಾರ ಹಚ್ಚಿಕೊಂಡೆ.

ಆಮೇಲೆ ಅವರು ಒಂದು ಲೋಟ ನೀರು ಕೊಟ್ಟು ಕೇಳಿದರು, ಅಕ್ಕ. ಆ ಮಾತಿಗೇ ನಾನು ಈ ಕಾಗದ ಬರೆಯುತ್ತಿರುವುದು. "ನನ್ನ ಮಗಳ ಲಗ್ನದಾಗ ಮದುಮಗಳು ಮಾಡಿದಾಕಿ ಕಮಲಾಬಾಯಿನ. ಮನಿ ದೇವರು ಯಾರಂತ ಕೇಳಿದ್ಲು. ಖಂಡೋಬಾ ಅಂದೆ. 'ಹಂಗಾದ್ರ ಮೊದಲ ಜೇಜುರಿಗೆ ಹೋಗಿ ಬರ್ರಿ, ಅಲ್ಲೀತನಕ ಮುಖಕ್ಕ ಬ್ಲೀಚ್ ಸೈತ ಹಚ್ಚಂಗಿಲ್ಲ' ಅಂದ್ಲು. ನಿನಗ ಕಲಿಸಲಿಲ್ಲೇನ ಆಕಿ?" ನಾನು ಅವರ ಮನೆಯ ಫರಶಿ ನೆಲದ ಮೇಲೆ ಕುಸಿದು ಕೂತು ಅತ್ತೆ. ಕಲಿಸಿದ್ದೆ, ನೀನು. ಮುನ್ನೂರು ಸಲ ನನ್ನ ಕಿವಿಗೆ ಬೀಳುವ ಹಾಗೆ ಕೇಳಿದ್ದೆ. ಹರಟೆ ಎಂದುಕೊಂಡವಳು ನಾನು.

ನಿನ್ನೆ ಭಾರತಿ ಕನ್ನಡಿ ನೋಡುತ್ತ, "ಪೂರಾ ಮುಚ್ಚಾಕ ಹೋಗಬ್ಯಾಡಕ್ಕ, ದಪ್ಪಗೆ ಬಳದ್ರ ಮತ್ತ ಉರೀತದ. ಅವರಿಗೆ ಹ್ಯಾಂಗೂ ಗೊತ್ತದ" ಎಂದು ನಕ್ಕಳು. ಮದುವೆ ಅದೇ ದಿನಕ್ಕೆ ನಡೆಯುತ್ತದೆ, ಅಕ್ಕ. ಶಾಂತಾಬಾಯಿ ತಮ್ಮ ಮಂದಿಗೆಲ್ಲ ತಾವೇ ಹೇಳಿದ್ದಾರೆ, ನಾಳೆ ಅರಿಶಿನ ಕೈಗೆ, ಕಾಲಿಗೆ ಮಾತ್ರ ಎಂದು. ಆದರೂ ನನಗೆ ಧೈರ್ಯವಿಲ್ಲ. ಹಾಡು ಹೇಳುತ್ತ, ನಗುತ್ತ ಬರುವ ಹೆಂಗಸರಿಗೆ ನೆನಪಿರುತ್ತದಾ? ನಾಳೆ ನಾನು ಅವಳ ಪಕ್ಕದಿಂದ ಏಳುವುದಿಲ್ಲ. ಯಾರ ಕೈ ಕೆನ್ನೆಯ ಕಡೆ ಹೋದರೂ ಹಿಡಿಯುತ್ತೇನೆ, ಅವರು ಏನಾದರೂ ಅಂದುಕೊಳ್ಳಲಿ. ಬೋರ್ಡಿನ ಮೇಲಿನ 'ಬ್ರೈಡಲ್ ಗ್ಲೋ' ಅಳಿಸಿದ್ದಾಯಿತು. ಸರ್ಟಿಫಿಕೇಟನ್ನೂ ಇಳಿಸಿದೆ, ಗೋಡೆಯಲ್ಲಿ ಮೊಳೆ ಮಾತ್ರ ಇದೆ.

ಇವತ್ತು ಬೆಳಗ್ಗೆ ಬಾಚಣಿಗೆಗಳನ್ನು ತೊಳೆದಿಟ್ಟು ನಿನ್ನ ನೀಲಿ ನೋಟ್‌ಬುಕ್ಕನ್ನು ತೆಗೆದೆ. ಕೊನೆಯ ಪುಟ ಭಾರತಿಯದು. ಆಸ್ಪತ್ರೆಗೆ ಸೇರುವ ಮೊದಲು ಬರೆದಿರಬೇಕು, ಅಕ್ಷರ ಸ್ವಲ್ಪ ನಡುಗಿದೆ. ಹೆಸರು, ಅದರ ಕೆಳಗೆ 'ಬಿಸಿಲು ತಡಿಯೂದಿಲ್ಲ, ತೆಳು ಚರ್ಮ' ಎಂದಿದೆ. ನೀನು ಹೋದ ಮೇಲೆ ಈ ಪುಟವನ್ನು ಒಮ್ಮೆ ನೋಡಿದ್ದೆ. ಬಲ ಮೂಲೆಯಲ್ಲಿ ಏನೂ ಇರಲಿಲ್ಲ. ಸ್ವಂತ ಮಗಳ ಮನೆದೇವರನ್ನು ಏನು ಬರೆಯುವುದು ಎಂದು ಬಿಟ್ಟಿದ್ದೀ ಅಂದುಕೊಂಡು ಮುಚ್ಚಿಟ್ಟೆ. ಅವಳು ಯಾವ ಮನೆಗೆ ಹೋಗುತ್ತಾಳೋ ಆಗ ನಿನಗೆ ಗೊತ್ತಿರಲಿಲ್ಲ. ಕೇಳಿ ತುಂಬುವ ಕೆಲಸವನ್ನು ನನಗೆ ಬಿಟ್ಟು ಹೋಗಿದ್ದೆ.

ಖಂಡೋಬಾ ಎಂದು ಈಗಷ್ಟೇ ಬರೆದೆ, ಅಕ್ಕ. ಆ ಮಂಗಳವಾರದಿಂದ ಹತ್ತೊಂಬತ್ತು ದಿನ ತಡವಾಯಿತು.

ನಿನ್ನ
ನೀಲಾ