ಎಸರಿಗೆ ಹಿಟ್ಟು ಬೀಳದ ದಿನ

ದೊಡ್ಡವ್ವಾ,

ಮೊದಲು ಕುಳಿತುಕೋ. ನಿಂತುಕೊಂಡು ಕೇಳುವ ಸುದ್ದಿಯಲ್ಲ ಇದು. ಎರಡೂ ಕೇರಿಯ ಜನರ ಮುಂದೆ ನಾನು ನಿನ್ನ ಮಗನ ಹೆಸರು ಹೇಳಿಬಿಟ್ಟೆ. ಜಯಮ್ಮನ ಮಗ ಮಂಜ ಕೆರೆಯ ತೂಬಿನ ಹತ್ತಿರ ಜಾರಿ ಬಿದ್ದು ಸಾಯಲಿಲ್ಲ, ನಮ್ಮ ನಾಗಣ್ಣ ಅವನನ್ನು ಹಿಂದಿನಿಂದ ಹೊಡೆದ, ಅದನ್ನು ನಾನು ಕಣ್ಣಾರೆ ನೋಡಿದೆ ಅಂತ. ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಬಂದಿದ್ದರೆ ಸ್ಕೂಲಿನಲ್ಲಿ ಇನ್ನೊಂದೆರಡು ವರ್ಷವಾದರೂ ಉಳಿಯುತ್ತಿದ್ದೆನೇನೋ.

ಸಿಟ್ಟು ಬಂತಾ? ಬಂದಿದ್ದರೂ ಪೂರ್ತಿ ಕೇಳು.

ಆ ಬೆಳಿಗ್ಗೆ ನಾನು ಹಸು ಹೊಡೆದುಕೊಂಡು ಕೆರೆ ಏರಿಯ ಮೇಲೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಉಳಿದಿದ್ದ ಸ್ವಲ್ಪ ನೀರು ಮೇಗಲ ಕೇರಿಯ ತೋಟಗಳಿಗೆ ಮೊದಲೋ, ಕೆಳಗಲ ಕೇರಿಯ ತೋಟಗಳಿಗೆ ಮೊದಲೋ ಎಂದು ತೂಬಿನ ಹತ್ತಿರ ಗಲಾಟೆ ಶುರುವಾಗಿತ್ತು. ಕೆಳಗಲ ಕೇರಿಯ ಮಂಜ ಬಗ್ಗಿ ತೂಬಿನ ಹಲಗೆ ಎತ್ತುತ್ತಿದ್ದ. ನಾಗಣ್ಣನ ಕೈಯಲ್ಲಿ ಗುದ್ದಲಿ ಕಾವು ಇತ್ತು. ಅಷ್ಟೇ. ಆಮೇಲೆ ನಡೆದದ್ದನ್ನು ನೀನೂ ನೋಡಿದ್ದೀಯ. ಬಣವೆಗೆ ಬೆಂಕಿ, ತೋಟಕ್ಕೆ ನುಗ್ಗಿ ಎಳೆ ಸಸಿಗಳನ್ನು ಕಡಿದದ್ದು, ಪೊಲೀಸ್ ವ್ಯಾನು. ಪೊಲೀಸರು ಮೇಗಲ ಕೇರಿಯ ಗಂಡಸರ ಮೇಲೆ ಒಟ್ಟಿಗೆ ಕೇಸು ಹಾಕಿದರು. ಎಲ್ಲರ ಹೆಸರೂ ಇದ್ದ ಮೇಲೆ ಯಾರು ಹೊಡೆದರು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಒಂದೇ ಊರು, ಒಂದೇ ಜನ, ಹೆಣ್ಣು ಕೊಟ್ಟು ತಂದ ಮನೆಗಳು. ಕೆಳಗಲ ಕೇರಿಯಲ್ಲಿ ಹುಟ್ಟಿ ಮೇಗಲ ಕೇರಿಗೆ ಸೊಸೆಯಾಗಿ ಬಂದ ನಿನ್ನಂಥವರು ಎಷ್ಟು ಜನ! ಗೌರಿ ಹಬ್ಬಕ್ಕೆ ನಾಲ್ಕು ಹೆಜ್ಜೆ ದೂರದ ತವರಿಗೆ ಹೋಗುವಂತಿಲ್ಲ ಅಂದರು ಯಜಮಾನರು. ಗಂಡಸರು ಕಿಬ್ಬನಹಳ್ಳಿಯ ಹೋಟೆಲಿನಲ್ಲಿ ಅಕ್ಕಪಕ್ಕದ ಟೇಬಲ್ಲಿನಲ್ಲಿ ಕೂತು ಟೀ ಕುಡಿಯಬಹುದಿತ್ತು, ನೀವು ಮಾತ್ರ ಅವ್ವನ ಮುಖ ನೋಡುವಂತಿರಲಿಲ್ಲ.

ನೀನು ಮೊದಲ ಸಲ ಜಯಮ್ಮನ ಅಂಗಳಕ್ಕೆ ಹೋದಾಗ ನನ್ನನ್ನೂ ಎಳೆದುಕೊಂಡು ಹೋಗಿದ್ದೆ. ಅವಳು ಪಾತ್ರೆ ತೊಳೆದ ನೀರನ್ನು ನಮ್ಮ ಕಾಲಿಗೇ ಎರಚಿದಳು. ನಿನ್ನ ಹೊಸ ಸೀರೆ!

"ಏನ್ ನೋಡಕ್ ಬಂದಿದ್ದೀಯೇ? ಸತ್ತವ್ನೆ ನನ್ ಮಗ. ಇನ್ನೇನ್ ಉಳ್ದೈತೆ ಅಂತ ನೋಡಕ್ ಬಂದಾ?"

ನೀನು ಸೆರಗಿನ ತುದಿ ಹಿಂಡಿಕೊಂಡು ಜಗಲಿಯ ಕೆಳಗೆ ಕುಳಿತೆ. ಅವಳು ಬೈಯುತ್ತಲೇ ಇದ್ದಳು, ನೀನು ಕೇಳುತ್ತಲೇ ಇದ್ದೆ. ವಾಪಸ್ ಬರುವಾಗ ನಾನು ಕುದಿಯುತ್ತಿದ್ದೆ. "ಯಾಕ್ ದೊಡ್ಡವ್ವ, ಬೈಸ್ಕೊಳಕ್ಕೇ ಹೋಗಿದ್ದಾ?" ಅಂದರೆ, "ಅವ್ಳು ಬೈಯಕ್ಕಾದ್ರೂ ಒಬ್ರು ಬೇಡ್ವೇನೇ?" ಅಂದೆ. ಮುಂದಿನ ವಾರ ಮತ್ತೆ ಹೋದೆ. ಅದರ ಮುಂದಿನ ವಾರವೂ. ಕೊನೆಗೊಂದು ದಿನ ಅವಳು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, "ಮೇಲಾದ್ರೂ ಕೂತ್ಕೊ, ಇರುವೆ ಅವೆ ಅಲ್ಲಿ" ಅಂದಳು.

ಜಯಮ್ಮನ ಅಟ್ಟದ ಕಾಯಿ ಒಡೆಯುವ ಹೊತ್ತು ಬಂದಾಗ ಊರಿಗೆ ಗೊತ್ತಾಯಿತು ನೀನು ಏನು ಮಾಡುತ್ತಿದ್ದೆ ಅಂತ. ಮೊದಲೆಲ್ಲ ಕೊಬ್ಬರಿ ಕೆಲಸ ಮುಯ್ಯಾಳಿನದು. ಇವತ್ತು ಅವರ ಮನೆಯದು, ನಾಳೆ ನಮ್ಮ ಮನೆಯದು, ಕೂಲಿಯ ಮಾತೇ ಇಲ್ಲ. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಎಲ್ಲ ಹೆಂಗಸರೂ ಸೇರಿ ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ಗಲಾಟೆಯಾದ ಮೇಲೆ ಅದು ನಿಂತಿತ್ತು. ಕೆಳಗಲ ಕೇರಿಯಲ್ಲಿ ಜಯಮ್ಮನ ಮನೆಗೆ ಬರುವವರೇ ಕಮ್ಮಿ, ಸಾವಿನ ಮನೆ, ಕೋರ್ಟಿನ ಮನೆ ಅಂತ. ಅವತ್ತು ನೀನು ಮೇಗಲ ಕೇರಿಯಿಂದ ಲಕ್ಕಮ್ಮನನ್ನೂ ಇನ್ನೂ ನಾಲ್ಕೈದು ಜನರನ್ನೂ ಕರೆದುಕೊಂಡು, ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗಲಲ್ಲೇ ಬೀದಿಯ ನಡುವೆ ನಡೆದೆ. ನಮ್ಮ ಕೈಯಲ್ಲಿ ಮಚ್ಚು ನೋಡಿ ಕೆಳಗಲ ಕೇರಿಯ ಗಂಡಸರು ಎದ್ದು ನಿಂತುಬಿಟ್ಟರು. ಲಕ್ಕಮ್ಮ ನಕ್ಕು, "ಕೂತ್ಕಳ್ರಪ್ಪ, ನಿಮ್ ತಲೆ ಒಡ್ದ್ರೆ ಒಳ್ಗೆ ಕೊಬ್ರಿ ಇರಲ್ಲ ಅಂತ ನಮ್ಗೂ ಗೊತ್ತು" ಅಂದಳು. ಆ ಭಯದಲ್ಲೂ ಯಾರೋ ಕಿಸಕ್ಕೆಂದರು. ಅವತ್ತಿನಿಂದ ಮುಯ್ಯಿ ಮತ್ತೆ ಶುರುವಾಯಿತು, ಗಂಡಸರನ್ನು ಕೇಳದೆ.

ಅರಳಿಕಟ್ಟೆಯ ಮೇಲೆ ನ್ಯಾಯ ಸೇರಿದ ಮಧ್ಯಾಹ್ನ ನೆನಪಿದೆಯಾ? ಎರಡೂ ಕೇರಿಯ ಯಜಮಾನರು ಕೂತು ರಾಜಿ ಅಂದರು. ಸಾಕಾಗಿತ್ತು ಅವರಿಗೆ, ಕೋರ್ಟಿಗೆ ಅಲೆದು ಅಲೆದು. ಮಂಜ ಜಾರಿ ಕಲ್ಲಿನ ಮೇಲೆ ಬಿದ್ದ ಅಂತ ಸಾಕ್ಷಿಗಳೆಲ್ಲ ಕೋರ್ಟಿನಲ್ಲಿ ಒಂದೇ ಮಾತು ಹೇಳುವುದು, ಅದಕ್ಕೆ ಒಪ್ಪಿ ಮೊದಲು ತೋಪಿನಲ್ಲಿ ಒಂದೇ ಸಾಲಿನಲ್ಲಿ ಎಲೆ ಹಾಕಿ ಉಣ್ಣುವುದು. ಊಟವಾದರೆ ನ್ಯಾಯ ಮುಗಿದಂತೆ, ಅದು ನಮ್ಮೂರಿನ ಪದ್ಧತಿ. ನೀನು ಕಟ್ಟೆಯ ಕೆಳಗೆ ನಿಂತು, "ಜಯಮ್ಮನ್ನ ಒಂದ್ ಮಾತು ಕೇಳಿದ್ರಾ?" ಅಂದೆ.

ನಮ್ಮ ಕೇರಿಯ ಯಜಮಾನ ರುದ್ರಣ್ಣ ಕಣ್ಣು ಕೆಂಪಗೆ ಮಾಡಿಕೊಂಡ. "ನ್ಯಾಯದಾಗೆ ಹೆಣ್ಮಕ್ಳು ಬಾಯಾಕ್ಬಾರ್ದು ಕಣವ್ವ. ಊಟದ್ ದಿನ ಐತಲ್ಲ ನಿಮ್ ಕೆಲ್ಸ, ಆಗ ಬನ್ನಿ."

"ಸರಿ ಬುಡಿ. ಆಗ್ಲೇ ಬತ್ತೀವಿ" ಅಂದೆ ನೀನು. ಅಷ್ಟು ಬೇಗ ಒಪ್ಪಿಕೊಂಡೆಯಲ್ಲ ಅಂತ ನನಗೆ ನಿನ್ನ ಮೇಲೆ ಅಸಹ್ಯವಾಯಿತು. ಮನೆಗೆ ಬಂದು ಲಕ್ಕಮ್ಮನ ಜೊತೆ ಪಿಸುಗುಟ್ಟಿದ್ದು ಏನು ಅಂತ ಆಮೇಲೆ ತಿಳಿಯಿತು.

ತಿಪಟೂರಿನ ಆಸ್ಪತ್ರೆಯಲ್ಲಿ ನಿನ್ನ ಕಾಲು ಊದಿಕೊಂಡು, ಮಾತು ಮಾತಿಗೂ ಏದುಸಿರು ಬಿಡುತ್ತಿದ್ದಾಗ ಒಂದು ಮಧ್ಯಾಹ್ನ ನಾಗಣ್ಣ ಎಳನೀರು ತರಲು ಹೊರಗೆ ಹೋಗಿದ್ದ. ನೀನು ನನ್ನ ಮಣಿಕಟ್ಟು ಹಿಡಿದೆ.

"ಶೈಲಿ, ನೀನು ಆವತ್ತು ಏರಿ ಮೇಲಿದ್ದೆ, ಅಲ್ವೇನೇ?"

"ಹೂಂ."

"ಹೆಸ್ರು ಹೇಳ್ಬೇಡ. ನಂಗೊತ್ತು. ಅವ್ನು ಮನೆಗ್ ಬಂದು ಕಾವು ತೊಳೆಯೋದು ನಾನೇ ನೋಡಿದ್ನಲ್ಲ." ಬಹಳ ಹೊತ್ತು ಉಸಿರು ಎಳೆದುಕೊಂಡೆ. "ಎದ್ ಮೇಲೆ ನಾನೇ ಹೇಳ್ತೀನಿ ಜಯಿಗೆ. ನಾನ್ ಹೇಳ್ಬೇಕು. ನೀನು..."

ನಾಗಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ಏನು ಮಾಡಬೇಕು ಅನ್ನುತ್ತಿದ್ದೆ, ದೊಡ್ಡವ್ವ? ನೀನು ಸುಮ್ಮನಿರು ಅಂತಲಾ? ನೀನು ಜೊತೆಗಿರು ಅಂತಲಾ? ನೀನು ಏಳಲಿಲ್ಲ. ಆ ಮಾತು ಅಲ್ಲೇ ನಿಂತುಬಿಟ್ಟಿತು. ತಿಂಗಳುಗಟ್ಟಲೆ ಅದನ್ನು ಹೊತ್ತುಕೊಂಡು ಒದ್ದಾಡಿದೆ. ಕಿಬ್ಬನಹಳ್ಳಿಯ ಬೇಕರಿ ಕೆಲಸ ಬಿಟ್ಟೆ, ನಾರಿನ ಫ್ಯಾಕ್ಟರಿ ಕೆಲಸ ಬಿಟ್ಟೆ. ಎಲ್ಲಿ ಹೋದರೂ ಗುದ್ದಲಿ ಕಾವು ಕಾಣುತ್ತಿತ್ತು. ನಾಗಣ್ಣ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದದ್ದೂ ಕಾಣುತ್ತಿತ್ತು.

ನಿನ್ನ ಸಾವಿನಿಂದಾಗಿ ಮುಂದಕ್ಕೆ ಹೋಗಿದ್ದ ಊಟದ ದಿನ, ಬೆಳಿಗ್ಗೆಯೇ ತೋಪಿನಲ್ಲಿ ಒಲೆ ಹೂಡಿದೆವು. ಸಾರು ಕುದಿದಿತ್ತು. ದೊಡ್ಡ ಹಂಡೆಯಲ್ಲಿ ಮುದ್ದೆಗೆ ಎಸರಿಟ್ಟು, ರಾಗಿ ಹಿಟ್ಟಿನ ಮೊರಗಳನ್ನು ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದೆವು. ಗಂಡಸರೆಲ್ಲ ಎಲೆಗಳ ಮುಂದೆ ಕೂತಾಗಿತ್ತು, ಒಬ್ಬ ಮೇಗಲ ಕೇರಿಯವನು, ಪಕ್ಕದಲ್ಲಿ ಒಬ್ಬ ಕೆಳಗಲ ಕೇರಿಯವನು. ಎಸರು ಕೊತಕೊತ ಕುದಿಯಿತು. ಲಕ್ಕಮ್ಮ ಮುದ್ದೆ ಕೋಲನ್ನು ನೆಲಕ್ಕೆ ಊರಿಕೊಂಡು ನಿಂತಳು. ಯಾವ ಹೆಂಗಸೂ ಹಿಟ್ಟು ಮುಟ್ಟಲಿಲ್ಲ.

"ಏನವ್ವ ಲಕ್ಕಮ್ಮ, ಎಸ್ರು ಬತ್ತೋಯ್ತದೆ" ಅಂದ ರುದ್ರಣ್ಣ.

"ಬತ್ಲಿ ಬುಡಿ. ನೀರೇನು ದಂಡವಾ? ನಮ್ ಕೆಲ್ಸ ಇವತ್ತು ಅಂತ ನೀವೇ ಅಂದಿದ್ರಲ್ಲ ಯಜಮಾನ್ರೇ, ಅದ್ಕೆ ಬಂದಿದ್ದೀವಿ. ಜಯಮ್ಮಂದು ಒಂದ್ ಮಾತೈತೆ. ಅದಕ್ಕೆ ಜವಾಬು ಸಿಕ್ದ್ರೆ ಹಿಟ್ಟು."

ಜಯಮ್ಮ ಒಲೆಯ ಹಿಂದಿನಿಂದ ಎದ್ದು ಬಂದಳು. ಕೂಗಲಿಲ್ಲ. "ನನ್ ಮಗ ಜಾರಿ ಬಿದ್ದ ಅಂತ ಎಲ್ರೂ ಹೇಳ್ತೀರಂತೆ. ಹೇಳ್ಕಳಿ. ಆದ್ರೆ ಅವ್ನು ಆ ತೂಬಿನ್ ಮೇಲೆ ಹುಟ್ದಾಗಿಂದ ಆಡ್ದೋನು. ಯಾರು ಹೊಡ್ದ್ರು ಅಂತ ನಂಗೆ ಒಬ್ರು ಹೇಳ್ರಪ್ಪ. ಅಷ್ಟೇ ಸಾಕು. ಆಮೇಲೆ ಉಣ್ಣಿ."

ಯಾರೋ ಎಲೆ ಮಡಚಿ ಎದ್ದರು, ಬೇರೆ ಯಾರೋ ಪಂಚೆ ಎಳೆದು ಕೂರಿಸಿದರು. ಹಳೆಯ ಬೈಗುಳ ಒಂದು ಕೇಳಿತು, ಅದಕ್ಕೆ ಉತ್ತರವಾಗಿ ಇನ್ನೊಂದು. ಹೊಡೆದಾಟ ಶುರುವಾದರೆ ಕೈಗೆ ಸಿಗುವ ಕಲ್ಲು ಎಲ್ಲಿ ಬಿದ್ದಿವೆ ಅಂತ ನಾನು ಆಗಲೇ ನೋಡಿಕೊಂಡೆ. ಎದುರು ಸಾಲಿನಲ್ಲಿ ನಾಗಣ್ಣ ಎಲೆಯನ್ನೇ ನೋಡುತ್ತಿದ್ದ. ನಿನ್ನ ಜಾಗ ಖಾಲಿ ಇತ್ತು, ದೊಡ್ಡವ್ವ. ಅಲ್ಲಿ ನೀನು ನಿಂತಿರಬೇಕಿತ್ತು. ನಿನ್ನ ಮಾತನ್ನು ನಾನು ಕದ್ದೆನಾ, ಪೂರ್ತಿ ಮಾಡಿದೆನಾ, ನನಗೆ ಇವತ್ತಿಗೂ...

ಹೇಳಿದೆ.

ಅಪ್ಪನ ಕೈ ಕೆನ್ನೆಗೆ ಬಿದ್ದದ್ದು ಮೊದಲು ಗೊತ್ತಾಯಿತು. "ಇವ್ಳಿಗೆ ತಲೆ ಸರಿಯಿಲ್ಲ ಕಣ್ರೀ, ಸ್ಕೂಲ್ ಬಿಟ್ಟೋಳು!" ಅಂತ ಎಲ್ಲರಿಗೂ ಕೇಳುವಂತೆ ಕೂಗಿದರು. ಎರಡನೇ ಸಲ ಕೈ ಎತ್ತಿದಾಗ ಲಕ್ಕಮ್ಮ ಮುದ್ದೆ ಕೋಲನ್ನು ನಡುವೆ ಹಿಡಿದಳು. ಅಷ್ಟರಲ್ಲಿ ಜಯಮ್ಮ ನಾಗಣ್ಣನ ಎಲೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಹೌದೇನ್ಲಾ?"

ಅವನು ತಲೆ ಎತ್ತಲಿಲ್ಲ. ಇಲ್ಲ ಅಂದಿದ್ದರೆ ಅವತ್ತು ತೋಪಿನಲ್ಲಿ ಇನ್ನೊಂದು ಹೆಣ ಬೀಳುತ್ತಿತ್ತು, ನಾನು ಬಲ್ಲೆ. ಕೊನೆಗೆ ಅಂದ, "ಹೊಡ್ದೆ. ಸಾಯ್ಲಿ ಅಂತ ಅಲ್ಲ ಜಯಕ್ಕ."

ಕೆಳಗಲ ಕೇರಿಯ ಹುಡುಗರು ಎದ್ದರು. ಜಯಮ್ಮ ತಿರುಗಿ ನೋಡದೆ ಕೈ ಅಡ್ಡ ಹಿಡಿದಳು. "ಕೂತ್ಕಳ್ರೋ! ನಂಗೆ ಇನ್ನೊಬ್ಳು ತಾಯಿ ಹಿಂಗ್ ಕೂರೋದು ಬ್ಯಾಡ." ಆಮೇಲೆ ನಾಗಣ್ಣನಿಗೆ, "ನಿಮ್ಮವ್ವ ನಮ್ ಮನೆಗೆ ಯಾಕ್ ಬತ್ತಿದ್ಲು ಅಂತ ಈಗ ಗೊತ್ತಾಯ್ತು. ನಾನೂ ಬೈದಿದ್ದೆ, ಸರಿಯಾಗೇ ಬೈದಿದ್ದೆ. ನೀನು ಇದನ್ನ ಜಡ್ಜ್ ಮುಂದೆ ಹೇಳ್ಬೇಕು. ಹೇಳ್ತೀಯಾ?"

ಅವನು ತಲೆ ಅಲ್ಲಾಡಿಸಿದ. ಹೌದು ಅಂತಲೋ ಇಲ್ಲ ಅಂತಲೋ ನನಗೆ ಗೊತ್ತಾಗಲಿಲ್ಲ.

ಅವತ್ತು ಯಾರೂ ಉಣ್ಣಲಿಲ್ಲ. ಹಂಡೆಯ ತಳ ಸುಟ್ಟಿತು. ಹಿಟ್ಟನ್ನು ಮೊರ ಮೊರವಾಗಿ ಅವರವರ ಮನೆಗೆ ವಾಪಸ್ ಹೊತ್ತುಕೊಂಡು ಹೋದೆವು. ಕಲ್ಲು ಮಾತ್ರ ಯಾರೂ ಎತ್ತದೆ ಬಿದ್ದಲ್ಲೇ ಇದ್ದವು. ಊಟವಾಗದೆ ನ್ಯಾಯ ಮುಗಿಯಲಿಲ್ಲ ಅಂತ ರುದ್ರಣ್ಣ ಈಗಲೂ ಗೊಣಗುತ್ತಾನೆ. ಮುಂದಿನ ನ್ಯಾಯಕ್ಕೆ ಜಯಮ್ಮನನ್ನೂ ಲಕ್ಕಮ್ಮನನ್ನೂ ಅವನೇ ಕರೆಸಿದ, ಕಟ್ಟೆಯ ಮೇಲೆ ಚಾಪೆ ಹಾಕಿಸಿ. ಲಕ್ಕಮ್ಮ ಚಾಪೆ ಕೊಡವಿ, ಹಿಂದೆ ಮುಂದೆ ನೋಡಿ ಕೂತಳಂತೆ. ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಅತ್ತಿಗೆ, ನಾಗಣ್ಣನ ಹೆಂಡತಿ, ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ. ಅವಳು ಕೊಡಬೇಕು ಅಂತ ನಾನು ಹೇಗೆ ಕೇಳಲಿ? ನಾಗಣ್ಣ ಊರಲ್ಲೇ ಇದ್ದಾನೆ. ತೋಟಕ್ಕೆ ಹೋಗುತ್ತಾನೆ, ಬರುತ್ತಾನೆ. ಎದುರಾದರೆ ನಾವಿಬ್ಬರೂ ದಾರಿಯ ಅಂಚಿಗೆ ಸರಿಯುತ್ತೇವೆ.

ಮೊನ್ನೆ ನಿನ್ನ ಅಟ್ಟ ತೆಗೆದೆವು. ನೀನೇ ಏಣಿ ಹತ್ತಿ ಹರವಿದ್ದ ಕಾಯಿ. ಮುಯ್ಯಿಗೆ ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಜಯಮ್ಮ ಕೊನೆಯಲ್ಲಿ ಬಂದು, ಯಾರನ್ನೂ ಕೇಳದೆ ನೀನು ಕೂರುತ್ತಿದ್ದ ಕಂಬದ ಹತ್ತಿರ ಕೂತಳು. ಅತ್ತಿಗೆ ಒಳಗಿನಿಂದ ನೋಡಿ, ಸ್ವಲ್ಪ ಹೊತ್ತಾದ ಮೇಲೆ ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟು ಹೋದಳು. ಜಯಮ್ಮ ಅದನ್ನು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಕುಡಿದಳು.

ಸಾಕ್ಷಿ ಹೇಳಲು ನನ್ನ ಹೆಸರಿಗೆ ಕೋರ್ಟಿನ ಸಮನ್ಸ್ ಬಂದಿದೆ, ದೊಡ್ಡವ್ವ. ನಾನು ಹೋಗುತ್ತೇನೆ. ತೋಪಿನಲ್ಲಿ ಹೇಳಿದ್ದನ್ನೇ ಹೇಳುತ್ತೇನೆ, ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಸಾಯಲಿ ಅಂತ ಹೊಡೆಯಲಿಲ್ಲ ಅಂತ ಅವನು ಅಂದದ್ದನ್ನೂ ಸೇರಿಸಿ. ಅವನು ಅಲ್ಲಿ ಒಪ್ಪಿಕೊಳ್ಳುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬಳೇ ಹೋಗಬೇಕು ಅಂತ ಹೆದರಿ ಕೂತಿದ್ದೆ. ಆದರೆ ಅವತ್ತು ಸಂಜೆ, ಕೊಬ್ಬರಿ ಚೀಲಕ್ಕೆ ತುಂಬಿ ಎಲ್ಲರೂ ಏಳುವಾಗ, ಜಯಮ್ಮ ಸೀರೆಗೆ ಅಂಟಿದ್ದ ಕರಟದ ಪುಡಿ ಕೊಡವಿಕೊಂಡು, ನನ್ನ ಮುಖ ನೋಡದೆ ಅಂದಳು:

"ಕೋರ್ಟಿನ್ ದಿನ ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೋಗನ ಕಣೇ. ಕಿಟಕಿ ಪಕ್ಕದ್ ಸೀಟು ನಂಗ್ ಬುಡು. ನಂಗೆ ವಾಂತಿ ಬತ್ತದೆ."

ನಿನ್ನ,
ಶೈಲಿ