ಎಡಗೈಯ ಎಸೆತ

ಮನೆಯಿಂದ, ಮಾರ್ಚ್ ೯, ಭಾನುವಾರ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನಿನ ಮೇಲೆ ಮತ್ತೆ ಬೊಕ್ಕೆ ಎದ್ದಿಲ್ಲ ತಾನೆ? ಮುಲಾಮು ಹಚ್ಚಿಕೊಳ್ಳಿ, ಸೋಮಾರಿತನ ಬೇಡ. ನಾವಿಬ್ಬರೂ ಕ್ಷೇಮ. ದೊಡ್ಡ ಸುದ್ದಿಯೊಂದಿದೆ. ಆದರೆ ಕ್ರಮವಾಗಿ ಓದಿ, ಎಂದಿನಂತೆ ಕೊನೆಯ ಸಾಲಿಗೆ ಹಾರಬೇಡಿ.

ಕಳೆದ ವರ್ಷ ಕಿರಿಯರ ಕ್ರಿಕೆಟ್ ತಂಡದ ಆಯ್ಕೆ ಪಂದ್ಯದಲ್ಲಿ ಆ ಎಡಗೈ ಬೌಲರ್ ಹುಡುಗಿ ನಮ್ಮ ಮಗಳ ಸ್ಟಂಪು ಎಗರಿಸಿದ್ದು, ಇವಳು ಊಟ ಬಿಟ್ಟು ಮಲಗಿದ್ದು ನೆನಪಿದೆಯಲ್ಲ? ಈ ಸಲವೂ ಅವಳೇ ಎದುರಾಳಿ. ಮುಂದಿನ ವರ್ಷಕ್ಕೆ ಇವಳ ವಯಸ್ಸು ಮೀರುತ್ತದೆ, ಹಾಗಾಗಿ ಇದೇ ಕೊನೆಯ ಅವಕಾಶ. ನೀವೋ, ಅವಳ ಅಭ್ಯಾಸಕ್ಕೆಂದು ಚೆಂಡೆಸೆಯುವ ಉದ್ದ ಕೋಲೊಂದನ್ನು ನನಗೆ ತಂದುಕೊಟ್ಟು ಹಡಗು ಹತ್ತಿದಿರಿ. "ತುದೀಲಿರೋ ಬಟ್ಟಲಿಗೆ ಚೆಂಡು ಸಿಕ್ಕಿಸಿ ಬೀಸು, ಅಷ್ಟೇ. ಎಡಗೈ ಬೇಡ, ಬಲಗೈಲೇ ಹಿಡ್ಕೋ" ಎಂದು ಉಪದೇಶ ಬೇರೆ. ನಾನೂ ಮಹಾ ಪತಿವ್ರತೆಯ ಹಾಗೆ ಬಲಗೈಯಲ್ಲೇ ಬೀಸಿದೆ. ಮೊದಲ ಚೆಂಡು ನನ್ನ ಕಾಲ ಬುಡದಲ್ಲೇ ಬಿತ್ತು. ಮುಂದಿನದು ಪಕ್ಕದ ಮನೆಯ ದಂತವೈದ್ಯರ ಹೂಕುಂಡ ಒಡೆಯಿತು. ಮಗಳು ಬ್ಯಾಟು ಊರಿಕೊಂಡು ನಕ್ಕಳು ನೋಡಿ, ನನಗೆ ಸಿಟ್ಟು ನೆತ್ತಿಗೇರಿತು. ದಿನವಿಡೀ ಕತ್ತರಿ ಹಿಡಿದು ಬಟ್ಟೆ ಕತ್ತರಿಸುವ ಎಡಗೈಗೇ ಕೋಲು ಬದಲಾಯಿಸಿ, ಒದ್ದೆ ಬಟ್ಟೆ ಕೊಡವುವ ಹಾಗೆ ಮಣಿಕಟ್ಟು ಝಾಡಿಸಿದೆ. ಚೆಂಡು ಬುರ್ರೆಂದು ಹೋಗಿ ಸ್ಟಂಪು ಉರುಳಿಸಿತು! ಅವಳು ಕಣ್ಣು ಬಾಯಿ ಬಿಟ್ಟು, "ಅಮ್ಮಾ, ಇದೇ! ಅವಳ ಚೆಂಡು ಹೀಗೇ ಬರೋದು!" ಎಂದು ಕುಣಿದಾಡಿದಳು.

ಅಲ್ಲಿಂದ ಪ್ರತಿ ಸಂಜೆ ಹೊಲಿಗೆ ಅಂಗಡಿಯ ಬಾಗಿಲೆಳೆದು ಮೈದಾನಕ್ಕೆ ಓಡಿದೆವು. ಗಿರಾಕಿಗಳು ಗೊಣಗಿದರು, ಗೊಣಗಲಿ. ನಿನ್ನೆ ಆ ಹುಡುಗಿ ಎಸೆದ ಮೊದಲ ಚೆಂಡನ್ನೇ ನಮ್ಮವಳು ಬೌಂಡರಿಗೆ ಅಟ್ಟಿದಳು. ಕೊನೆಯವರೆಗೂ ಔಟಾಗಲಿಲ್ಲ ರೀ, ಅರ್ಧಶತಕ! ಆಯ್ಕೆಯಾದವರಲ್ಲಿ ಮೊದಲು ಕೂಗಿದ್ದು ಅವಳ ಹೆಸರನ್ನೇ. ಎಲ್ಲರೆದುರು ಗಳಗಳನೆ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಮಗಳ ಮುತ್ತುಗಳನ್ನೂ ನನ್ನ ಬಾಕಿ ಜಗಳವನ್ನೂ ಇದರೊಳಗೇ ಮಡಚಿಟ್ಟಿದ್ದೇನೆ. ಹುಷಾರಾಗಿರಿ.

ಇಂತಿ,
ನಿಮ್ಮವಳು

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಮಗಳಿಂದ ಸಂಗತಿ ತಿಳಿದ ತಂಡದ ಕೋಚಮ್ಮ ನನ್ನ ಹತ್ತಿರ ಬಂದು, "ಇಡೀ ತಂಡಕ್ಕೆ ಚೆಂಡು ಎಸೀತೀರಾ? ಸಂಬಳ ಕೊಡ್ತೀವಿ" ಎಂದರು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ, ಒಪ್ಪಿಕೊಂಡುಬಿಟ್ಟೆ. ನೀವು ರಜೆಗೆ ಬರುವ ಹೊತ್ತಿಗೆ ನಾವಿಬ್ಬರೂ ತಂಡದ ಜೊತೆ ಪ್ರವಾಸದಲ್ಲಿರುತ್ತೇವೆ. ಬೀಗದ ಕೈ ಎದುರುಮನೆಯಲ್ಲಿ ಕೊಟ್ಟು ಹೋಗುತ್ತೇನೆ.